ಟೈಪಿಂಗ್ ಸರ್ ಕೂಡಿಸಿದ ಮುಖ

ಮೊನ್ನೆ ಕಚೇರಿಯೊಂದರ ಮೂಲೆಯಲ್ಲಿ ಹಳೆಯ ಪ್ರಿಂಟರ್ ಕಿರುಗುಟ್ಟುತ್ತ ಓಡಿತು. ರಿಬ್ಬನ್ನಿನ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಬಾಯಿಯ ಮೇಲೆ ಹೋಯಿತು. ಇಷ್ಟು ವರ್ಷದ ಮೇಲೂ…

ಆಗ ನಾನು ನಮ್ಮ ಹಳ್ಳಿ ಉಟಗಿಯಿಂದ ದಿನಾ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಜತ್ತ ಪೇಟೆಯ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಸರ್‌ಗೆ ಐವತ್ತರ ಆಸುಪಾಸು. ಹೆಂಡತಿ ತೀರಿಕೊಂಡು ಏಳೆಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬರೀ ಅಕ್ಷರ, ಚುಕ್ಕೆ, ಗೆರೆಗಳನ್ನು ಒತ್ತಿ ಒತ್ತಿ ಕುರಿ, ಎತ್ತು, ದರ್ಗಾದ ಗುಮ್ಮಟ ಮೂಡಿಸುವುದು ಅವರ ಚಟ. ಕಂಪ್ಯೂಟರ್ ಬಂದ ಮೇಲೂ ಅದು ಬಿಡಲಿಲ್ಲ. ಆಗಿನ ಇಂಟರ್ನೆಟ್ಟಿನಲ್ಲಿ ಒಂದು ಫೋಟೋ ಮೇಲಿನಿಂದ ಕೆಳಗಿಳಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಸರ್ ಅವರ ಅಕ್ಷರದ ಕುರಿಗಳು ಮಾತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೇಲ್‌ನಲ್ಲಿ ಹೋಗಿ ಮುಟ್ಟುತ್ತಿದ್ದವು.

ಹೆಂಡತಿಯದು ಅವರ ಬಳಿ ಒಂದೇ ಫೋಟೋ ಇತ್ತು. ಅದು ಮಾಸುತ್ತಿದೆ ಎಂದು ಸಾಂಗಲಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಫ್ಲಾಪಿಗೆ ಹಾಕಿಸಿಕೊಂಡರು. ಬರುವಾಗ ಫೋಟೋ ಇದ್ದ ಚೀಲ ಬಸ್ಸಿನಲ್ಲೇ ಉಳಿದು ಹೋಯಿತು. ಫ್ಲಾಪಿ ಜೇಬಿನಲ್ಲಿತ್ತು. ಕ್ಲಾಸಿನಲ್ಲಿ ಫೈಲ್ ತೆರೆದೆವು. ಹಣೆ ಬಂತು, ಹುಬ್ಬು ಬಂದವು, ಕಣ್ಣು ಬಂದವು. ಮೂಗಿನ ತುದಿಗೆ ನಿಂತುಬಿಟ್ಟಿತು. ಕೆಳಗೆಲ್ಲ ಬೂದಿಬಣ್ಣ. ಸಾಂಗಲಿಗೆ ಫೋನ್ ಮಾಡಿದರೆ ಅಲ್ಲಿ ಆಗಲೇ ಅಳಿಸಿಯಾಗಿತ್ತು.

ಸರ್ ಫ್ಲಾಪಿ ಹೊರತೆಗೆದು ಮತ್ತೆ ಹಾಕಿ ನೋಡಿದರು, ಅಷ್ಟೇ ಬಂತು.

"ನೋಡ ಬೇಟಿ, ಫೋಟೋದ ಫೈಲಿನಾಗ ಒಂದೀಟು ಕೆಟ್ರ ಅರ್ಧ ಮುಖಾನ ಹೋಗ್ತದ. ಅಕ್ಷರದ ಚಿತ್ರದಾಗ ಒಂದಕ್ಷರ ಹೋದ್ರ ಒಂದು ಚುಕ್ಕಿ ಹೋದಂಗ, ಅಷ್ಟ. ಆಕಿನ್ನ ನಾ ಅಕ್ಷರದಾಗ ಇಡ್ತೀನಿ."

ಮೂಗಿನವರೆಗೆ ಪರದೆ ನೋಡಿ ಟೈಪ್ ಮಾಡಿದರು. ಮುಂದಿನದೆಲ್ಲ ನೆನಪಿನಿಂದ. ನನ್ನ ಟೇಬಲ್ ಅವರ ಎದುರಿಗೇ ಇತ್ತು. ತಲೆ ಎತ್ತುತ್ತಿದ್ದರು, ಎಲ್ಲೋ ನೋಡುತ್ತಿದ್ದರು, ಮತ್ತೆ ಎರಡು ಅಕ್ಷರ ಒತ್ತುತ್ತಿದ್ದರು. ಹೀಗೆ ಎರಡು ತಿಂಗಳು…

ಅಂಥದೇ ರಿಬ್ಬನ್ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿದ ದಿನ ಅಸಂಗಿಯಿಂದ ತಮ್ಮ ಅತ್ತೆಯನ್ನು ಕರೆಸಿದರು. ಹತ್ತಿರ ಹೋದರೆ ಅದು ಬರೀ ಅಕ್ಷರದ ರಾಶಿ. ಬಾಗಿಲಿಗೆ ಸರಿದು ನಿಂತರೆ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಮುದುಕಿ ಬಾಗಿಲಲ್ಲೇ ನಿಂತುಬಿಟ್ಟರು.

"ಕಣ್ಣು ನನ್ನ ಮಗಳವ. ಬಾಯಿ ಯಾರ್ದು?"

"ಆಕೀದ ಅಲ್ಲೇನ್ರಿ, ಅಮ್ಮಾ?" ಎಂದರು ಸರ್.

ಮುದುಕಿ ಕೋಣೆಯಲ್ಲೆಲ್ಲ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. "ಈ ಹುಡುಗೀದು."

ಚಿಕ್ಕಂದಿನ ಗಾಯದಿಂದ ನನ್ನ ತುಟಿಯ ಒಂದು ತುದಿ ಕೊಂಚ ಮೇಲೆದ್ದಿದೆ. ಗೋಡೆಯ ಮೇಲೂ ಹಾಗೇ ಎದ್ದಿತ್ತು. ತೀರಿಹೋದಾಕೆ ನನ್ನ ಬಾಯಿಂದ ನಗುತ್ತಿದ್ದಳು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಸರ್ ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಮುಖ ಬಿಳಿಚಿಕೊಂಡಿತು. ಅಲ್ಲಿಯತನಕ ಅವರಿಗೂ ಗೊತ್ತಿರಲಿಲ್ಲ.

"ಹಂಗಾರ ಆಕಿ ಬಾಯಿ ಹೆಂಗಿತ್ತು? ಹೇಳ್ರಿ, ತಿದ್ದತೀನಿ."

ಮುದುಕಿ ಹೇಳಲು ಹೋಗಿ ತಡವರಿಸಿದರು. "ಹಿಂಗಿರಲಿಲ್ಲ… ಹಿಂಗಿರಲಿಲ್ಲ…" ಆಮೇಲೆ ಒಮ್ಮೆಲೇ ಮುಖ ತಿರುವಿದರು. "ಅದನ್ನ ಲಗೂನ ತಗೀರಿ! ಇನ್ನಷ್ಟು ನೋಡಿದ್ರ ನನಗೂ ಇದ ನೆನಪುಳೀತದ."

ಒಂದು ವಾರ ನಾನು ಕ್ಲಾಸಿನ ಕಡೆ ಸುಳಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತೆಂದು ಕೊನೆಗೆ ಹೋದೆ. ಸರ್ ತಮ್ಮ ಟೇಬಲ್ ತಿರುಗಿಸಿ, ನಮಗೆಲ್ಲ ಬೆನ್ನು ಮಾಡಿ ಕೂತಿದ್ದರು. ಅವರ ಪರದೆಯ ಮೇಲೆ ಹಣೆ, ಹುಬ್ಬು, ಕಣ್ಣು ಇದ್ದವು. ಮೂಗಿನ ಕೆಳಗಿನ ಸಾಲುಗಳನ್ನೆಲ್ಲ ಅಳಿಸಿದ್ದರು.

"ತಪ್ಪಾತು, ಬೇಟಿ," ಎಂದರು, ತಿರುಗಿ ನೋಡದೆ.

ನಾನು ಕಾಗದ ಹಾಕಿ ಟೈಪ್ ಮಾಡತೊಡಗಿದೆ.

ಪರೀಕ್ಷೆ ಪಾಸಾದೆ, ನೌಕರಿಯೂ ಸಿಕ್ಕಿತು. ಅವರಿಗೆ ಪೇಢೆ ಕೊಡಲೂ ಹೋಗಲಿಲ್ಲ. ಸರ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹೋದ ವರ್ಷ, ಬಸ್ಸಿನಲ್ಲಿ ಯಾರೋ ಮಾತಿನ ನಡುವೆ ಹೇಳಿದಾಗ. ಬಾಯಿ ಮುಚ್ಚಿಕೊಂಡ ಆ ದಿನ ನಾನು ಹೆದರಿದ್ದೆ, ಸಿಟ್ಟಾಗಿರಲಿಲ್ಲ. ಅಷ್ಟನ್ನಾದರೂ, ತಿರುಗಿ ಕೂತಿದ್ದ ಅವರ ಬೆನ್ನಿಗೇ ಹೇಳಿಬಿಡಬಹುದಿತ್ತು…