ಗಾಡಿಯಲ್ಲಿ ಬರುತ್ತಿದ್ದ ನೀರು

ಮನುಷ್ಯನ ಆಯುರಾರೋಗ್ಯವು ಅವನು ತುಳಿದ ಮಣ್ಣು, ಉಸಿರಾಡಿದ ಗಾಳಿ, ಕುಡಿದ ನೀರು ಈ ಮೂರರ ಕೈಯಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಶೇಂಗಾ ಎಣ್ಣೆಯ ವಾಸನೆ ಇನ್ನೂ ಬಿಡದ ಒಂದು ಪ್ಲಾಸ್ಟಿಕ್ ಕ್ಯಾನಿನ ಕೈಯಲ್ಲಿತ್ತು. ಕ್ಯಾನು ರಾಯಚೂರ ಕಡೆಯ ರೈಲುಗಾಡಿಯ ಕೈಯಲ್ಲಿತ್ತು. ಗಾಡಿ ಯಾರ ಕೈಯಲ್ಲೂ ಇರಲಿಲ್ಲ.

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ. ನಾನು ರೈಲ್ವೆಯಲ್ಲಿ ಗುಮಾಸ್ತ, ವಾಸ ಮಲ್ಕಾಜ್‌ಗಿರಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ರಾಯಚೂರ ಸೀಮೆಯ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದಳು. ಬಂದ ದಿನವೇ ನಳದ ನೀರನ್ನು ಒಂದು ಗುಟುಕು ಕುಡಿದು, ತಂಬಿಗೆ ಕೆಳಗಿಟ್ಟು ತೀರ್ಪು ಕೊಟ್ಟಳು.

“ಇದು ನೀರಲ್ಲಪಾ. ಯಾರೋ ಕೈ ತೊಳಕೊಂಡು ಬಿಟ್ಟದ್ದು.”

ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಊರಲ್ಲಿದ್ದ ಸೋದರಮಾವ ಹಿತ್ತಲ ಬಾವಿಯಿಂದ ಸೇದಿ ಕ್ಯಾನು ತುಂಬಿ ಗಾಡಿಗೆ ಹಾಕುವುದು, ಪರಿಚಯದ ಗಾರ್ಡು ಅದನ್ನು ಗಾಡಿಯ ಕೊನೆಯ ತನ್ನ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು, ನಾನು ಸಿಕಂದರಾಬಾದಿನಲ್ಲಿ ಇಳಿಸಿಕೊಂಡು ಮನೆಗೆ ಹೊರುವುದು ಎಂದು ಏರ್ಪಾಡಾಯಿತು. ರೈಲ್ವೆಯವರಿಗೆ ಗಾಡಿಯೇ ಅಂಚೆ, ಗಾಡಿಯೇ ನೆಂಟ. ಬೇರೆಯವರಿಗೆ ಅದರಲ್ಲಿ ಜೋಳ ಬರುತ್ತಿತ್ತು, ಉಪ್ಪಿನಕಾಯಿ ಬರುತ್ತಿತ್ತು, ಕನ್ಯೆಯರ ಜಾತಕ ಬರುತ್ತಿತ್ತು. ನಮಗೆ ನೀರು. ಒಬ್ಬ ಗಾರ್ಡು ಅದು ಗಂಗಾಜಲವೆಂದು ತಿಳಿದು ಪ್ರತಿ ಸಲ ಕ್ಯಾನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವರ ಪುಣ್ಯಕ್ಕೆ ನಾವೇಕೆ ಅಡ್ಡ ಬರಬೇಕೆಂದು ಸುಮ್ಮನಿದ್ದೆವು.

ಆ ನೀರಿಗೆ ತುಸು ಸವಳಿನ ರುಚಿ. ಅದರಲ್ಲಿ ಬೇಳೆ ಬೇಯುವುದು ತಡ. ಅದನ್ನು ಕುಡಿದು ಬೆಳೆದ ನಮ್ಮೂರವರೆಲ್ಲರ ಹಲ್ಲಿನ ಮೇಲೆ ಕಂದು ಗೆರೆಗಳು. ಅದು ರೋಗವೆಂದು ಯಾರಿಗೂ ಅನಿಸಿರಲಿಲ್ಲ, ಗುರುತೆಂದು ಅನಿಸಿತ್ತು. ಕೋಠಿಗೆ ಹೋಗುವ ಬಸ್ಸಿನ ನೂಕುನುಗ್ಗಲಿನಲ್ಲಿ ಅಂಥ ಹಲ್ಲು ಬಿಟ್ಟು ಒಬ್ಬ ನಕ್ಕರೆ ಸಾಕು, ತೆಲುಗು ಉರ್ದು ಎರಡನ್ನೂ ಬದಿಗಿಟ್ಟು “ಯಾವೂರ್ರಿ?” ಎಂದು ಕೇಳಿಬಿಡಬಹುದಿತ್ತು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನನ್ನ ಹೆಂಡತಿಯ ಬೆಳ್ಳನೆ ಹಲ್ಲು ನೋಡಿ, ನಿಶ್ಚಯಕ್ಕೆ ಮೊದಲು ಅವ್ವ ಹುಡುಗಿಯ ಮೂಲದ ಬಗ್ಗೆ ಗುಟ್ಟಾಗಿ ವಿಚಾರಿಸಿದ್ದಳಂತೆ.

ವರ್ಷಗಳು ಕಳೆದಂತೆ ಅವ್ವನ ಬೆನ್ನು ಬಿಗಿಯತೊಡಗಿತು. ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಬೇಕು. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಕಟ್ಟೆಯ ಮುಂದೆ ನಿಂತು ಬಡಿಯತೊಡಗಿದಳು. ಕೂತು ಬಡಿಯದ ರೊಟ್ಟಿಗೆ ಮಾನವಿಲ್ಲ ಎನ್ನುವುದು ಅವಳ ಮತ. ಅಪರಾಧಿ ಯಾರೆಂದು ಅವಳಿಗೆ ಗೊತ್ತಿತ್ತು: ಈ ಊರಿನ ಹವಾ, ಈ ಊರಿನ ನಳ. ನಮಗೂ ಹೌದೆನಿಸಿತು. ಅಡುಗೆಗೂ ಊರ ನೀರೇ ಆಯಿತು, ಕ್ಯಾನು ಒಂದಿದ್ದದ್ದು ಎರಡಾಯಿತು. ನಮಗೆ ಮಗಳು ಹುಟ್ಟಿ ಕೆಲವು ತಿಂಗಳಾದಾಗ ಅವ್ವ ಅವಳಿಗೂ ಅದನ್ನೇ ಕುದಿಸಿ ಆರಿಸಿ ಒಳಲೆಯಲ್ಲಿ ಕುಡಿಸಿದಳು. ಹಲ್ಲು ಬರುವ ಮುಂಚೆ ಊರ ನೀರು ಹೊಟ್ಟೆಗೆ ಬಿದ್ದರೆ ಎಲುಬು ಗಟ್ಟಿಯಾಗುತ್ತವೆ ಎಂದಳು. ಗಟ್ಟಿಯ ವಿಷಯದಲ್ಲಿ ಅವಳ ಮಾತು ಸುಳ್ಳಲ್ಲವೆಂದು ಆಮೇಲೆ ತಿಳಿಯಿತು.

ಕೊನೆಗೆ ಅವ್ವನನ್ನು ಕೋಠಿಯ ಹತ್ತಿರದ ಎಲುಬಿನ ಡಾಕ್ಟರಲ್ಲಿಗೆ ಕರೆದೊಯ್ದೆ. ಬೀದರಿನ ಕಡೆಯ ಹಿರಿಯರು. ಅವ್ವನ ಬೆನ್ನು ನೋಡುವ ಬದಲು ಅವರು ಮೊದಲು ನನ್ನ ಹಲ್ಲು ನೋಡಿದರು. ಕುಡಿಯುವ ನೀರು ಯಾವುದೆಂದು ಕೇಳಿದರು. ಅವ್ವ ಬಹಳ ಅಭಿಮಾನದಿಂದ ಬಾವಿ, ಗಾಡಿ, ಗಾರ್ಡು ಎಲ್ಲವನ್ನೂ ವರ್ಣಿಸಿದಳು. ಎಕ್ಸ್‌ರೇ ಬಂದ ಮೇಲೆ ಅವರು ಮೆಲ್ಲಗೆ ವಿವರಿಸಿದರು. ಬಾವಿಯ ತಳದ ಕಲ್ಲಿನಲ್ಲಿ ಫ್ಲೋರೈಡ್ ಎಂಬುದಿದೆ, ಅದು ನೀರಿಗಿಳಿಯುತ್ತದೆ, ಮೊದಲು ಹಲ್ಲು ಹಿಡಿಯುತ್ತದೆ, ಆಮೇಲೆ ಎಲುಬು. ನಲಗೊಂಡದ ಹಳ್ಳಿಗಳಲ್ಲೂ ಇದೇ ಕಥೆ, ಆಫ್ರಿಕದಲ್ಲಿ, ಚೀನಾದಲ್ಲಿ ಕೂಡ ಇಂಥ ಕಲ್ಲಿನ ಮೇಲೆ ಕೂತ ಊರುಗಳಿವೆ, ಅಲ್ಲಿಯ ಮಕ್ಕಳೂ ಇದೇ ಹಲ್ಲಿನಲ್ಲಿ ನಗುತ್ತಾರೆ ಎಂದರು. ನಮ್ಮ ಕುಲ ಅಷ್ಟು ವಿಶಾಲವಾದದ್ದೆಂದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

“ನೀರು ಬಿಟ್ರ ನನ್ನ ಬೆನ್ನು ನೆಟ್ಟಗಾಗತೈತೇನ್ರಿ?” ಎಂದು ಅವ್ವ ಕೇಳಿದಳು.

“ಇಲ್ಲರೀ ಅವ್ವಾರ. ಆಗಿದ್ದು ಆಗೇತಿ. ಇನ್ನೂ ಹೆಚ್ಚಾಗೋದು ತಪ್ಪತೈತಿ.”

“ಮತ್ತ ಯಾಕ ಬಿಡಲಿ?”

ಡಾಕ್ಟರು ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೇನು ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯ ಕಡೆ ಮೈ ತಿರುಗಿಸಿ ಕೂತಿದ್ದಳು.

ಮರುದಿನ ಬರಬೇಕಾದ ಕ್ಯಾನು ಬಂತು. ಅವ್ವ ಮುಚ್ಚಳ ತೆಗೆಯಗೊಡಲಿಲ್ಲ.

“ಬಂದ ಗಾಡಿಗೇ ತಿರುಗಿ ಹಾಕು. ಚೆಲ್ಲಬ್ಯಾಡ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಹೇಳಿದಳೋ ಗೋಡೆಗೋ, “ತವರುಮನಿ ನೀರು ಅಂತ ನಂಬಿದ್ದೆ. ಮೊಮ್ಮಗಳ ಬಾಯಾಗ ನಾನ ಹಾಕಿದೆ,” ಎಂದಳು.

ನೀರನ್ನು ಸಿಕಂದರಾಬಾದಿನಿಂದ ರಾಯಚೂರ ಕಡೆಗೆ ಕಳಿಸಿದವರು ರೈಲ್ವೆಯ ಇತಿಹಾಸದಲ್ಲಿ ನಾವೊಬ್ಬರೇ ಇರಬೇಕು.

ಆಮೇಲೆ ಅವಳು ನಳದ ನೀರು ಕುಡಿದಳು, ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ. ಒಮ್ಮೆ ನಾನು ಸಮಾಧಾನಕ್ಕೆ, ಇದು ಮಂಜೀರಾ ಹೊಳೆಯ ನೀರು, ಬೀದರ ಸೀಮೆ ಹಾಯ್ದು ಬರುತ್ತದೆ, ಅರ್ಧ ಕನ್ನಡದ್ದೇ ಎಂದೆ. “ಹಾಯ್ದು ಬಂದ್ರ ಏನಾತು? ಗಾಡಿನೂ ಹಾಯ್ದು ಬರತೈತಿ,” ಎಂದಳು. ಬೇಸಿಗೆಯ ಮಧ್ಯಾಹ್ನ ಎಷ್ಟು ಕುಡಿದರೂ ತಂಬಿಗೆ ಕೆಳಗಿಟ್ಟು, “ದಾಹ ಹೋಗವಲ್ತು ನೋಡು,” ಎನ್ನುತ್ತಿದ್ದಳು. ಊರಿಂದ ಯಾರೇ ಬಂದರೂ ಮಂದಿಯ ಕ್ಷೇಮ ಆಮೇಲೆ, ಮೊದಲು ಬಾವಿಯಲ್ಲಿ ನೀರು ಎಷ್ಟಿದೆ ಎನ್ನುವ ವಿಚಾರಣೆ.

ಈಗ ನನ್ನ ಮನೆಯಲ್ಲಿ ನೀರು ಸೋಸುವ ಯಂತ್ರವಿದೆ. ಅದರ ನೀರಿಗೆ ಯಾವ ಊರೂ ಇಲ್ಲ. ಆರೋಗ್ಯಕ್ಕೆ ಒಳ್ಳೆಯದು, ನಾನೂ ಒಪ್ಪುತ್ತೇನೆ. ಆದರೂ ಬೇಸಿಗೆಯಲ್ಲಿ ಲೋಟ ಎತ್ತಿದಾಗ ನಾಲಿಗೆ ಆ ಸವಳನ್ನು ಹುಡುಕುತ್ತದೆ. ನಮ್ಮನ್ನು ಬಗ್ಗಿಸಿದ ನೀರಿಗೆ ಇಷ್ಟು ಹಂಬಲಿಸುವುದು ವಿವೇಕವಲ್ಲ. ನಾಲಿಗೆಗೆ ವಿವೇಕ ಹೇಳುವ ಡಾಕ್ಟರು ಕೋಠಿಯಲ್ಲಿ ಇರಲಿಲ್ಲ.

ಅವ್ವ ಆ ಬಾವಿಯ ನೀರನ್ನು ಮತ್ತೆ ಕುಡಿಯಲಿಲ್ಲ. ಅವಳ ಬೆನ್ನು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಮಗಳಿಗೆ ಹಲ್ಲು ಬಂದವು, ಅವುಗಳ ಮೇಲೆ ಗೆರೆ ಇರಲಿಲ್ಲ.