ಪರದೆಯ ಅಂಚಿನಲ್ಲೊಂದು ಕೈ

ಕುರಿಗಳಿಗೆ ಲಸಿಕೆ ಹಾಕಲು ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಹೋಗಿದ್ದೆ. ಕುರಿ ಸಾಕುವ ನಾಗಮ್ಮನ ಮಗಳಿಗೆ ಅವತ್ತು ಹಿಂದೂಪುರದಲ್ಲಿ ಕಬಡ್ಡಿ ಮ್ಯಾಚು. ಕುರಿಗಳು ಈಯುವ ಕಾಲ, ಬಿಟ್ಟು ಹೋಗುವಂತಿಲ್ಲ. ನನ್ನ ಫೋನಿನಲ್ಲಿ ಲೈವ್ ಹಾಕಿ, ಲಸಿಕೆಯ ಐಸ್ ಡಬ್ಬಿಗೆ ಒರಗಿಸಿಟ್ಟೆ.

“ನಮ್ಮುಡುಗಿ ಎಲ್ಲಿ ಸಾರ್?”

ಮಗಳು ಆಡುತ್ತಿರಲಿಲ್ಲ, ಎಕ್ಸ್‌ಟ್ರಾದವರ ಜೊತೆ ಹೊರಗೆ ಕೂತಿದ್ದಳು. ಕ್ಯಾಮೆರಾ ಅತ್ತ ತಿರುಗಲೇ ಇಲ್ಲ. ಪರದೆಯ ಅಂಚಿನಲ್ಲಿ ಹಸಿರು ದಾರ ಕಟ್ಟಿದ ಒಂದು ಕೈ ಮಾತ್ರ ಕಾಣುತ್ತಿತ್ತು.

“ಆ ದಾರ ನಾನೇ ಕಟ್ಟಿದ್ದು. ಒಸಿ ಆ ಕಡೆ ತಿರುಗ್ಸಿ ಸಾರ್.”

ಫೋನು ತಿರುಗಿಸಿದರೆ ಕ್ಯಾಮೆರಾ ತಿರುಗುವುದಿಲ್ಲ ಎಂದೆ. ಆದರೂ ಆಯಮ್ಮ ಕುರಿಯನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಕತ್ತು ಚಾಚಿ, ಬಾಗಿಲ ಸಂದಿಯಲ್ಲಿ ಇಣುಕುವಂತೆ ಪರದೆಯ ಪಕ್ಕದಿಂದ ಇಣುಕಿದಳು.

ಆಟ ಮುಗಿಯಿತು. ಹೊರಗಿದ್ದವರು ಎದ್ದು ಓಡಿದರು, ಆ ಕೈಯೂ ಮಾಯವಾಯಿತು.

“ಗೆದ್ರು ಕಣಮ್ಮ,” ಎಂದೆ.

“ಸರೇ ಬುಡಿ ಸಾರ್. ಇನ್ನೊಂದು ಕಿತ ಮೊದ್ಲಿಂದ ಹಾಕಿ. ಕೈಯಾದ್ರೂ ಕಾಣ್ತದೆ.”

ಎರಡನೇ ಸಲ ಆಟ ಯಾರಿಗೆ ಬೇಕಿತ್ತು, ನಾನೂ ಆ ಅಂಚನ್ನೇ ನೋಡುತ್ತಾ ಕೆಲಸ ಮಾಡಿದೆ. ಚುಚ್ಚಿದ ಕುರಿಗೇ ಮತ್ತೆ ಚುಚ್ಚಿಬಿಟ್ಟೆ. ಅದು ಅರಚಿಕೊಂಡಿತು. ಆಯಮ್ಮನೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ.