ಶಾಲೆಯ ನೀರಿಗೆ ಗುಡುಗಿದ ಮೇಸ್ತ್ರಿ

ಗೇಟು, ಕಿಟಕಿ ಕಂಬಿಗಳಿಗೆ ವೆಲ್ಡಿಂಗ್ ಮಾಡುವ ಆ ಮುದುಕನನ್ನು ಬೀದಿಯವರೆಲ್ಲ ಗುಡುಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಜೀವಮಾನವಿಡೀ ಕಬ್ಬಿಣ ಬಡಿದು ಕಿವಿ ಮಂದವಾಗಿತ್ತು. 'ಊಟ ಆಯ್ತಾ' ಎಂದು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತಿತ್ತು. ಅವನ ದನಿ ತಗ್ಗುತ್ತಿದ್ದುದು ಮೊಮ್ಮಗಳ ಮುಂದೆ ಮಾತ್ರ.

ಆ ಮೊಮ್ಮಗಳಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾಗಿ, ಅನ್ನ ಕಂಡರೆ ಮುಖ ತಿರುಗಿಸಿ ಹಾಸಿಗೆ ಹಿಡಿದಳು. ಕೆಟ್ಟ ನೀರಿನಿಂದ ಬಂದದ್ದು ಎಂದರು ಡಾಕ್ಟರು. ಮನೆಯಲ್ಲಿ ಸೊಸೆ ಕುದಿಸದ ನೀರನ್ನು ಲೋಟಕ್ಕೆ ಬಗ್ಗಿಸುವವಳೇ ಅಲ್ಲ. ಅಂದ ಮೇಲೆ ಶಾಲೆಯದ್ದೇ! ಮೇಸ್ತ್ರಿ ಕೈಮಸಿಯನ್ನೂ ತೊಳೆಯದೆ ಶಾಲೆಗೆ ನುಗ್ಗಿದ.

"ಮಕ್ಕಳಿಗೆ ನೀರು ಕುಡಿಸ್ತೀರೋ, ವಿಷ ಕುಡಿಸ್ತೀರೋ?"

ಹೆಡ್‌ಮೇಡಂ ಅವನನ್ನು ಅಂಗಳಕ್ಕೆ ಕರೆದೊಯ್ದು ಮಾಳಿಗೆಯ ಕಡೆ ಕೈ ತೋರಿಸಿದರು. ಅಲ್ಲಿದ್ದ ತೊಟ್ಟಿಯ ಮುಚ್ಚಳ ಗಾಳಿಗೆ ಹಾರಿಹೋಗಿತ್ತು. ಹತ್ತಿ ನೋಡೋಣವೆಂದರೆ ಏಣಿಯ ಮೆಟ್ಟಿಲುಗಳು ತುಕ್ಕು ಹಿಡಿದು ಮುರಿದಿದ್ದವು.

"ಕಂಡಕಂಡ ಮೇಸ್ತ್ರಿಗಳಿಗೆಲ್ಲ ಹೇಳಿದೆ. ಎಲ್ಲರೂ ನಾಳೆ ಬರ್ತೀನಿ ಅಂದ್ರು. ನೀವೂ ಅಂದಿದ್ರಿ."

ಮೇಸ್ತ್ರಿಗೆ ನೆನಪಾಯಿತು. ಆಗ ಯಾವುದೋ ದೊಡ್ಡ ಗೇಟಿನ ಕೆಲಸ ಕೈಯಲ್ಲಿತ್ತು. ಇದು ಮನಸ್ಸಿನಿಂದಲೇ ಜಾರಿಹೋಗಿತ್ತು. ತಲೆ ತಗ್ಗಿಸಿ ಮನೆಗೆ ಬಂದ.

ಬೆಳಗಾಗುತ್ತಲೇ ಅಂಗಡಿಗೆ ಬಾಗಿಲು ಹಾಕಿ ಸಾಮಾನು ಹೊತ್ತು ಹೋದ. ಏಣಿ ಸರಿಪಡಿಸಿ, ಹತ್ತಿ ಇಣುಕಿದರೆ ತೊಟ್ಟಿಯಲ್ಲಿ ಪಾರಿವಾಳದ ಗರಿ, ಕೊಳೆತ ಎಲೆ, ಒಂಟಿ ಚಪ್ಪಲಿ. "ಯಾರದ್ರೋ ಇದು?" ಎಂದು ಅವನು ಮೇಲಿನಿಂದ ಕೂಗಿದ್ದೇ ತಡ, ಇಡೀ ಶಾಲೆ ತನ್ನ ಕಾಲು ನೋಡಿಕೊಂಡಿತು. ತೊಟ್ಟಿಯನ್ನು ಉಜ್ಜಿ ತೊಳೆದು, ಯಾವ ಗಾಳಿಗೂ ಜಗ್ಗದ ಮುಚ್ಚಳ ಕೂರಿಸಿ ಕೆಳಗಿಳಿದಾಗ ಮೀಸೆಯಡಿ ನಗು ಮೂಡಿತ್ತು.

ಆ ನಗು ಉಳಿಯಲಿಲ್ಲ. ತೊಳೆದ ತೊಟ್ಟಿಗೆ ತುಂಬಿದ ನೀರನ್ನು ಪರೀಕ್ಷೆಗೆ ಕಳಿಸಿದ್ದ ಆಸ್ಪತ್ರೆಯ ನರ್ಸಮ್ಮ ಕೆಲವು ದಿನಗಳ ಮೇಲೆ ಸಪ್ಪೆ ಮುಖದಿಂದ ಬಂದಳು. "ಇನ್ನೂ ಕೆಟ್ಟೇ ಇದೆ ತಾತ. ತೊಟ್ಟಿಗೆ ಬರೋ ಮೊದಲೇ ಎಲ್ಲೋ ಕೊಳೆ ಸೇರ್ತಿದೆ."

ಮೇಸ್ತ್ರಿ ಮನೆಗೆ ಬಂದು ಗೋಡೆಗೊರಗಿ ಕೂತ. ಅಕ್ಕಿ ಆರಿಸುತ್ತಿದ್ದ ಹೆಂಡತಿ ಕಣ್ಣೆತ್ತಿದಳು. "ರೀ, ನೀವು ಮೂತಿ ಊದಿಸ್ಕೊಂಡು ಕೂತ್ರೆ ನೀರು ಶುದ್ಧ ಆಗುತ್ತಾ? ಪೈಪು ಹೂತಿರೋದು ನೆಲದಲ್ಲಿ ತಾನೆ? ಅಗೀರಿ."

"ಒಬ್ನೇ ಅಗೀಲಾ?"

"ಆ ಗಂಟಲು ಮತ್ಯಾಕಿದೆ?"

ರಜೆಯ ದಿನ ಅವನು ಬೀದಿಯ ಮಧ್ಯೆ ನಿಂತು ಕರೆದ. ಏನೋ ಅನಾಹುತವಾಯಿತೆಂದು ಓಡಿಬಂದವರು ವಿಷಯ ತಿಳಿದು ನಕ್ಕರು. ಆದರೆ ಹಿಂದಿರುಗಿದ್ದು ಗುದ್ದಲಿ ತರಲಿಕ್ಕೆ. ಅವರ ಮಕ್ಕಳೂ ಅದೇ ನೀರು ಕುಡಿಯುತ್ತಿದ್ದರಲ್ಲ. ಹೆಡ್‌ಮೇಡಂ ಸೆರಗು ಸಿಕ್ಕಿಸಿ ಮಣ್ಣಿನ ಬುಟ್ಟಿ ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಗುಟ್ಟು ರಟ್ಟಾಯಿತು: ಪೈಪು ಚರಂಡಿಯೊಳಗಿಂದಲೇ ಹಾದುಹೋಗಿತ್ತು, ಅಲ್ಲೇ ಬಿರುಕು ಬಿಟ್ಟಿತ್ತು. ಅದನ್ನು ಕಿತ್ತೆಸೆದು, ಚರಂಡಿಯಿಂದ ದೂರಕ್ಕೆ ಹೊಸ ಪೈಪು ಎಳೆದರು; ತೊಟ್ಟಿಯನ್ನು ಮತ್ತೆ ತೊಳೆದರು.

ಈ ಸಲ ನರ್ಸಮ್ಮ ಗೇಟಿನಿಂದಲೇ ಕೈ ಬೀಸುತ್ತ ಬಂದಳು. "ತಾತ, ಪಾಸ್!"

ಮೊಮ್ಮಗಳು ಚೇತರಿಸಿಕೊಂಡು ಶಾಲೆಗೆ ಮರಳಿದ ದಿನ ಮೇಸ್ತ್ರಿಯೂ ಹಿಂದೆಯೇ ಹೋದ. ಅವಳು ನಲ್ಲಿಗೆ ಬೊಗಸೆಯೊಡ್ಡಿ ಗಟಗಟ ಕುಡಿದಳು. ಅವನು ಬಗ್ಗಿ ಅವಳ ಮುಖವನ್ನೇ ನೋಡಿದ.

"ಹೇಗಿದೆ, ಮಗಾ?"

"ನೀರಿನ ಥರಾನೇ ಇದೆ, ತಾತಾ."

ಅವನು ಎಷ್ಟು ಜೋರಾಗಿ ನಕ್ಕನೆಂದರೆ, ಪಾಠ ನಿಲ್ಲಿಸಿ ಮಾಸ್ತರರೊಬ್ಬರು ಹೊರಗೆ ಬಂದು ನೋಡಿದರು.